ಆಫ್ರಿಕಾದ ದೈತ್ಯ ಸಹಸ್ರಪದಿ: ಗುರುತಿಸುವ ಕ್ರಮ, ಜೀವನಕ್ರಮ ಮತ್ತು ಪೀಡೆ–ಮಿತ್ರ ವಿವೇಚನೆ



ತರಗೆಲೆಯ ಅಡಿಯಲ್ಲಿ, ಕೊಳೆತ ದಿಮ್ಮಿಯ ಪಕ್ಕದಲ್ಲಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ ನಿಧಾನವಾಗಿ ಸಾಗುವ, ಮುಟ್ಟಿದೊಡನೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಳ್ಳುವ ಜೀವಿಗಳನ್ನು ಸಹಸ್ರಪದಿಗಳೆಂದು ಕರೆಯಲಾಗುತ್ತದೆ. ನಮ್ಮ ನಾಡಿನಲ್ಲಿ ಇವುಗಳಿಗೆ ಒನಕೆಬಂಡಿ, ಚೋರಟೆ, ಸಾವಿರ ಕಾಲಿನ ಹುಳು ಎಂಬ ಹೆಸರುಗಳಿವೆ. ಪ್ರಪಂಚದಲ್ಲಿ ಈವರೆಗೆ ಸುಮಾರು 12,000 ಸಹಸ್ರಪದಿ ಪ್ರಭೇದಗಳನ್ನು ವಿಜ್ಞಾನಿಗಳು ವಿವರಿಸಿದ್ದಾರೆ. ಇವುಗಳಲ್ಲಿ ಗಾತ್ರದಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರಿರುವುದು ಪೂರ್ವ ಆಫ್ರಿಕಾದ ದೈತ್ಯ ಸಹಸ್ರಪದಿ. ಇದರ ವೈಜ್ಞಾನಿಕ ಹೆಸರು ಆರ್ಕಿಸ್ಪೈರೋಸ್ಟ್ರೆಪ್ಟಸ್ ಗಿಗಾಸ್.

ದೂರದ ಖಂಡದ ಈ ಜೀವಿಯ ಕುರಿತು ನಮ್ಮ ರೈತರು ತಿಳಿಯಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಏಳಬಹುದು. ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನ ಹುಳು 1847ರಲ್ಲಿ ಕಲ್ಕತ್ತೆಯ ಮೂಲಕ ಭಾರತವನ್ನು ಪ್ರವೇಶಿಸಿ, ಇಂದು ಕರ್ನಾಟಕದ ತರಕಾರಿ, ಪಪ್ಪಾಯಿ, ಬಾಳೆ ಮತ್ತು ಹಿಪ್ಪುನೇರಳೆ ಬೆಳೆಗಾರರಿಗೆ ಚಿರಪರಿಚಿತ ಪೀಡೆಯಾಗಿದೆ. ಹೀಗಿರುವಾಗ ಗೇಣುದ್ದದ ಕಪ್ಪು ಸಹಸ್ರಪದಿಯೊಂದು ತೋಟದಲ್ಲಿ ಕಂಡರೆ, ಇದೂ ಆಫ್ರಿಕಾದಿಂದ ಬಂದ ಪೀಡೆಯೇ ಇರಬೇಕೆಂಬ ಶಂಕೆ ಮೂಡುವುದು ಸಹಜ. ಶಂಕೆಯ ಬೆನ್ನಲ್ಲೇ ಕೀಟನಾಶಕದ ಡಬ್ಬಿ ಹೊರಬರುವುದೂ ಉಂಟು. ಆದರೆ ಗಾತ್ರವನ್ನು ಮಾತ್ರ ನೋಡಿ ಯಾವ ಜೀವಿಯನ್ನೂ ಪೀಡೆಯೆಂದು ತೀರ್ಮಾನಿಸಬಾರದು. ಆಫ್ರಿಕಾದ ನೆಲದಲ್ಲಿಯೇ ಗಾತ್ರದಲ್ಲಿ ದೈತ್ಯವಾದ ಸಹಸ್ರಪದಿ ಮುಖ್ಯವಾಗಿ ತರಗೆಲೆಯನ್ನು ತಿಂದು ಬದುಕಿದರೆ, ಅದಕ್ಕಿಂತ ಬಹಳ ಚಿಕ್ಕದಾದ ಅದರ ಬಂಧುವೊಂದು ಗೆಣಸಿನ ಬೆಳೆಗೆ ಹಾನಿ ಮಾಡುತ್ತದೆ. ಸರಿಯಾದ ಗುರುತಿಸುವಿಕೆಯೇ ಸರಿಯಾದ ನಿರ್ವಹಣೆಯ ಮೊದಲ ಹೆಜ್ಜೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವರ್ಗೀಕರಣ ಮತ್ತು ಹೆಸರಿನ ಹಿನ್ನೆಲೆ

ಸಹಸ್ರಪದಿಗಳು ಕೀಟಗಳಲ್ಲ. ಕೀಟಗಳಿಗೆ ಮೂರು ಜೊತೆ ಕಾಲುಗಳಿದ್ದು, ದೇಹವು ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗಗಳಾಗಿರುತ್ತದೆ. ಸಹಸ್ರಪದಿಗಳು ಸಂಧಿಪದಿಗಳ ವಂಶದಲ್ಲಿ ಬಹುಪಾದಿಗಳ ಗುಂಪಿಗೆ, ಅದರಲ್ಲಿ ಡಿಪ್ಲೊಪೋಡಾ ಎಂಬ ವರ್ಗಕ್ಕೆ ಸೇರಿವೆ. ಡಿಪ್ಲೊಪೋಡಾ ಎಂದರೆ ಜೋಡಿ ಪಾದಗಳುಳ್ಳದ್ದು ಎಂದರ್ಥ. ದೈತ್ಯ ಸಹಸ್ರಪದಿಯು ಈ ವರ್ಗದ ಸ್ಪೈರೋಸ್ಟ್ರೆಪ್ಟಿಡಾ ಗಣದ ಸ್ಪೈರೋಸ್ಟ್ರೆಪ್ಟಿಡೇ ಕುಟುಂಬದ ಸದಸ್ಯ.

ಈ ಪ್ರಭೇದವನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದವರು ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್. ಅವರು 1840ರ ದಶಕದಲ್ಲಿ ಮೊಜಾಂಬಿಕ್ ಪ್ರದೇಶದಲ್ಲಿ ಹಲವು ವರ್ಷ ಸಂಚರಿಸಿ ಜೀವಿಗಳನ್ನು ಸಂಗ್ರಹಿಸಿದರು. ಅಲ್ಲಿ ಕಂಡ ಬಹುಪಾದಿಗಳ ಕುರಿತ ತಮ್ಮ ಬರಹದಲ್ಲಿ 1855ರಲ್ಲಿ ಇದಕ್ಕೆ ಗಿಗಾಸ್ ಎಂಬ ಹೆಸರನ್ನು ನೀಡಿದರು. ಗಿಗಾಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದೈತ್ಯ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಸಹಸ್ರಪದಿಯನ್ನು ಜೊಂಗೋ ಎಂದೂ, ದಕ್ಷಿಣ ಆಫ್ರಿಕಾದಲ್ಲಿ ಶೊಂಗೊಲೋಲೋ ಎಂದೂ ಕರೆಯುತ್ತಾರೆ. ಶೊಂಗೊಲೋಲೋ ಎಂಬ ಪದವು ಸುತ್ತಿಕೊಳ್ಳುವುದು ಎಂಬ ಅರ್ಥದ ಸ್ಥಳೀಯ ಕ್ರಿಯಾಪದದಿಂದ ಬಂದಿದೆ. ಸುರುಳಿ ಸುತ್ತುವ ಗುಣದಿಂದಲೇ ಅಲ್ಲಿನ ಜನರೂ ಇದನ್ನು ಗುರುತಿಸಿದ್ದಾರೆ.

ಕಂಡುಬರುವ ಪ್ರದೇಶ ಮತ್ತು ಆವಾಸ

ದೈತ್ಯ ಸಹಸ್ರಪದಿಯ ಮೂಲ ನೆಲೆ ಮೊಜಾಂಬಿಕ್‌ನಿಂದ ಕೀನ್ಯಾದವರೆಗಿನ ಪೂರ್ವ ಆಫ್ರಿಕಾದ ತಗ್ಗು ಪ್ರದೇಶ. ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಎತ್ತರದಲ್ಲಿ ಇದು ವಿರಳ. ಕಾಡುಗಳಲ್ಲಿ ಹೆಚ್ಚಾಗಿ ವಾಸಿಸಿದರೂ, ಕೆಲವು ಮರಗಳಾದರೂ ಇರುವ ಕರಾವಳಿ ಪ್ರದೇಶಗಳಲ್ಲಿಯೂ ಕಂಡುಬರುತ್ತದೆ. ದಕ್ಷಿಣ ಅರೇಬಿಯಾದಲ್ಲಿಯೂ, ವಿಶೇಷವಾಗಿ ಒಮಾನ್ ದೇಶದ ಧೋಫಾರ್ ಪ್ರಾಂತದಲ್ಲಿ, ಇದು ಸ್ವಾಭಾವಿಕವಾಗಿ ನೆಲೆಸಿದೆ. ಭಾರತವು ಇದರ ಸ್ವಾಭಾವಿಕ ನೆಲೆಯಲ್ಲ.

ಈ ಜೀವಿಯ ಆವಾಸವನ್ನು ಮುಖ್ಯವಾಗಿ ತೇವಾಂಶವು ನಿರ್ಧರಿಸುತ್ತದೆ. ಕೀಟಗಳ ಮೈಮೇಲೆ ನೀರನ್ನು ಹಿಡಿದಿಡುವ ಮೇಣದ ಲೇಪ ಇರುತ್ತದೆ. ಸಹಸ್ರಪದಿಗಳಲ್ಲಿ ಅಂತಹ ರಕ್ಷಣೆ ದುರ್ಬಲ. ಆದುದರಿಂದ ಹಗಲಿನಲ್ಲಿ ದಿಮ್ಮಿ, ಕಲ್ಲು, ತರಗೆಲೆ ಅಥವಾ ಮಣ್ಣಿನೊಳಗೆ ಅಡಗಿದ್ದು, ರಾತ್ರಿ ಅಥವಾ ಮಳೆ ಬಂದ ನಂತರ ಹೊರಬರುತ್ತವೆ. ಒಣ ಋತುವಿನಲ್ಲಿ ಆಳಕ್ಕೆ ಇಳಿದು ಮಳೆಗಾಲ ಆರಂಭವಾದೊಡನೆ ಒಟ್ಟಾಗಿ ಮೇಲೆ ಬರುವುದರಿಂದ, ಒಂದೇ ರಾತ್ರಿಯಲ್ಲಿ ಎಲ್ಲಿಂದಲೋ ಬಂದವೆಂಬ ಭಾವನೆ ಉಂಟಾಗುತ್ತದೆ. ವಾಸ್ತವದಲ್ಲಿ ಅವು ಅದೇ ಮಣ್ಣಿನಲ್ಲಿ ಮೊದಲಿನಿಂದಲೂ ಇದ್ದಂಥವು. ಈ ಅಂಶವು ನಮ್ಮ ಮಲೆನಾಡು ಮತ್ತು ಕರಾವಳಿಯ ಸಹಸ್ರಪದಿಗಳಿಗೂ ಅನ್ವಯಿಸುತ್ತದೆ.

ದೇಹರಚನೆ

ಗಾತ್ರ: ಪೂರ್ಣ ಬೆಳೆದ ದೈತ್ಯ ಸಹಸ್ರಪದಿಯು 30 ಸೆಂ.ಮೀ. ಮೀರಿ ಬೆಳೆಯಬಲ್ಲದು. ಸಾಕಿ ಬೆಳೆಸಿದ ಒಂದು ಮಾದರಿಯು 38.7 ಸೆಂ.ಮೀ. ಉದ್ದವಿದ್ದು, ಅದರ ದೇಹದ ಸುತ್ತಳತೆ 6.7 ಸೆಂ.ಮೀ. ಮತ್ತು ಕಾಲುಗಳ ಸಂಖ್ಯೆ 256 ಎಂದು ದಾಖಲಾಗಿದೆ. ಮರಿಗಳು ಮತ್ತು ಅರ್ಧ ಬೆಳೆದವು ಬಹಳ ಚಿಕ್ಕದಾಗಿರುವುದರಿಂದ ಉದ್ದವೊಂದನ್ನೇ ಗುರುತಿನ ಲಕ್ಷಣವೆಂದು ಪರಿಗಣಿಸಬಾರದು.

ಬಣ್ಣ: ದೇಹವು ಕಪ್ಪು ಅಥವಾ ಕಡು ಕಂದು ಬಣ್ಣದಿಂದ ಕೂಡಿ ಹೊಳಪಾಗಿರುತ್ತದೆ. ಪೊರೆ ಕಳಚಿದ ಹೊಸದರಲ್ಲಿ ಬಣ್ಣ ಮಸುಕಾಗಿದ್ದು ನಂತರ ಗಾಢವಾಗುತ್ತದೆ. ಆಫ್ರಿಕಾದಲ್ಲಿಯೂ ಏಷ್ಯಾದಲ್ಲಿಯೂ ಇದೇ ಬಣ್ಣದ ಅನೇಕ ಪ್ರಭೇದಗಳಿರುವುದರಿಂದ ಬಣ್ಣವೂ ನಿರ್ಣಾಯಕವಲ್ಲ.

ತಲೆ: ತಲೆಯ ಮೇಲೆ ಒಂದು ಜೊತೆ ಗಿಡ್ಡ ಕುಡಿಮೀಸೆಗಳಿವೆ. ಸರಳ ಕಣ್ಣುಗಳ ಗುಂಪು ತಲೆಯ ಎರಡೂ ಪಕ್ಕದಲ್ಲಿದ್ದರೂ ದೃಷ್ಟಿ ದುರ್ಬಲ. ನಡೆಯುವಾಗ ಕುಡಿಮೀಸೆಗಳಿಂದ ನೆಲವನ್ನು ತಟ್ಟುತ್ತ ದಾರಿಯನ್ನೂ ಆಹಾರವನ್ನೂ ಅರಿಯುತ್ತದೆ. ಬಾಯಿಯ ಭಾಗಗಳು ಕೊಳೆತು ಮೆತ್ತಗಾದ ಪದಾರ್ಥವನ್ನು ಕೆರೆದು ಅಗಿಯಲು ತಕ್ಕಂತೆ ಇವೆ. ಚುಚ್ಚುವ ಕೊಂಡಿಯಾಗಲಿ, ವಿಷದ ಹಲ್ಲಾಗಲಿ ಇಲ್ಲ.

ಉಂಗುರಗಳು: ದೇಹವು ದುಂಡಗಿನ ಕೊಳವೆಯಂತಿದ್ದು ಅನೇಕ ಉಂಗುರಗಳಿಂದ ಜೋಡಣೆಗೊಂಡಿದೆ. ತಲೆಯ ಹಿಂದಿನ ಮೊದಲ ಉಂಗುರವು ಕೊರಳಪಟ್ಟಿಯಂತಿದ್ದು ಅದಕ್ಕೆ ಕಾಲುಗಳಿರುವುದಿಲ್ಲ. ಅದರ ನಂತರದ ಕೆಲವೇ ಉಂಗುರಗಳಲ್ಲಿ ಹೆಚ್ಚೆಂದರೆ ಒಂದು ಜೊತೆ ಕಾಲುಗಳಿರುತ್ತವೆ. ಆಮೇಲಿನ ಪ್ರತಿ ಉಂಗುರವೂ ಬೆಳವಣಿಗೆಯ ಹಂತದಲ್ಲಿ ಎರಡು ಖಂಡಗಳು ಕೂಡಿ ಆದುದರಿಂದ, ಅದರಲ್ಲಿ ಎರಡು ಜೊತೆ ಕಾಲುಗಳು ಇರುತ್ತವೆ. ಹೊರಕವಚದಲ್ಲಿ ಸುಣ್ಣದ ಅಂಶ ಸೇರಿಕೊಂಡಿರುವುದರಿಂದ ಅದು ಗಟ್ಟಿಯಾಗಿರುತ್ತದೆ.

ಕಾಲುಗಳು: ಕಾಲುಗಳು ಗಿಡ್ಡವಾಗಿದ್ದು ದೇಹದ ಅಡಿಯಲ್ಲಿ ಸಾಲಾಗಿ ಜೋಡಣೆಗೊಂಡಿವೆ. ನಡೆಯುವಾಗ ಕಾಲುಗಳ ಚಲನೆ ಅಲೆಯಂತೆ ಸಾಗುತ್ತದೆ. ಸಾವಿರ ಕಾಲು ಎಂಬುದು ಬಹುತೇಕ ಪ್ರಭೇದಗಳಿಗೆ ಅತಿಶಯದ ಮಾತು. ನಿಜವಾಗಿಯೂ ಸಾವಿರಕ್ಕಿಂತ ಹೆಚ್ಚು, ಅಂದರೆ 1,306 ಕಾಲುಗಳುಳ್ಳ ಪ್ರಭೇದವನ್ನು 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆಳದ ಕೊಳವೆ ರಂಧ್ರದಿಂದ ವರದಿ ಮಾಡಲಾಯಿತು. ಕಾಲುಗಳು ಹೆಚ್ಚಾಗಿರುವುದರ ಪ್ರಯೋಜನ ವೇಗವಲ್ಲ, ತಳ್ಳುವ ಬಲ. ತರಗೆಲೆ ಮತ್ತು ಸಡಿಲ ಮಣ್ಣನ್ನು ತಲೆಯಿಂದ ತಳ್ಳಿಕೊಂಡು ಒಳಸೇರಲು ಈ ಬಲ ಅಗತ್ಯ.

ಸ್ರಾವರಂಧ್ರಗಳು: ದೇಹದ ಎರಡೂ ಪಕ್ಕಗಳಲ್ಲಿ ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳ ಸಾಲಿದೆ. ಅಪಾಯ ಎದುರಾದಾಗ ಇವುಗಳಿಂದ ಕಟು ವಾಸನೆಯ ದ್ರವ ಒಸರುತ್ತದೆ.

ಗುರುತಿಸುವ ಕ್ರಮ

ವಿಸ್ತರಣಾ ಕಾರ್ಯಕರ್ತರು ಯಾವುದೇ ಮಾದರಿ ಕೈಗೆ ಬಂದಾಗ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ. ಕೈಗೆ ಸಿಗುವ ಒಂದು ಸಾಧಾರಣ ಭೂತಗನ್ನಡಿ ಇದಕ್ಕೆ ಸಾಕು.

1. ಸಹಸ್ರಪದಿಯೋ ಜರಿಯೋ ಎಂಬುದನ್ನು ಮೊದಲು ನಿರ್ಧರಿಸಬೇಕು. ದೇಹದ ಮಧ್ಯಭಾಗದ ಒಂದು ಉಂಗುರವನ್ನು ಪಕ್ಕದಿಂದ ನೋಡಿದಾಗ ಎರಡು ಜೊತೆ ಕಾಲುಗಳಿದ್ದರೆ ಅದು ಸಹಸ್ರಪದಿ. ಒಂದೇ ಜೊತೆ ಕಾಲುಗಳಿದ್ದು, ದೇಹ ಚಪ್ಪಟೆಯಾಗಿದ್ದು, ವೇಗವಾಗಿ ಓಡುವಂತಿದ್ದರೆ ಅದು ಜರಿ ಅಥವಾ ಶತಪದಿ. ಜರಿಯು ಬೇಟೆಗಾರ ಜೀವಿ. ಅದರ ತಲೆಯ ಅಡಿಯಲ್ಲಿ ವಿಷದ ಕೊಂಡಿಗಳಿದ್ದು, ಕಚ್ಚಿದರೆ ತೀವ್ರ ನೋವು ಉಂಟಾಗುತ್ತದೆ. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಸಹಸ್ರಪದಿಗೆ ಕಚ್ಚುವ ಹುಳುವೆಂಬ ಅಪವಾದ ಬಂದಿದೆ.

2. ದೇಹದ ಆಕಾರವನ್ನು ಗಮನಿಸಬೇಕು. ಗುಂಡಾಗಿ, ಗೋಲಿಯಂತೆ ಮಡಚಿಕೊಳ್ಳುವುದು ಗೋಲಿ ಸಹಸ್ರಪದಿ. ಬೆನ್ನಿನ ಎರಡೂ ಬದಿ ಅಂಚುಗಳು ಚಾಚಿ ದೇಹ ಚಪ್ಪಟೆಯಾಗಿ ಕಂಡರೆ ಅದು ಚಪ್ಪಟೆಬೆನ್ನಿನ ಸಹಸ್ರಪದಿ. ಕೊಳವೆಯಂತೆ ದುಂಡಗಿದ್ದು ಚಕ್ಕುಲಿಯಂತೆ ಸುತ್ತಿಕೊಂಡರೆ ಅದು ದೈತ್ಯ ಸಹಸ್ರಪದಿ ಸೇರಿರುವ ಗುಂಪಿನದು.

3. ಕೊಳವೆಯಾಕಾರದ್ದಾದರೆ ಮುಖವನ್ನು ಎದುರಿನಿಂದ ಪರೀಕ್ಷಿಸಬೇಕು. ಹಣೆಯಿಂದ ಬಾಯಿಯವರೆಗೆ ನೇರವಾಗಿ ಇಳಿಯುವ ಸ್ಪಷ್ಟ ಗೆರೆಯಿದ್ದು, ಕುಡಿಮೀಸೆಗಳು ತೀರಾ ಗಿಡ್ಡವಾಗಿದ್ದರೆ ಅದು ಸ್ಪೈರೋಬೋಲಿಡಾ ಎಂಬ ಬೇರೆ ಗಣಕ್ಕೆ ಸೇರಿದುದಾಗಿರುವ ಸಾಧ್ಯತೆ ಹೆಚ್ಚು. ದೈತ್ಯ ಸಹಸ್ರಪದಿಯ ಗಣದಲ್ಲಿ ಇಂತಹ ಎದ್ದು ಕಾಣುವ ಗೆರೆ ಇರುವುದಿಲ್ಲ.

4. ಗಂಡೋ ಹೆಣ್ಣೋ ಎಂಬುದನ್ನು ಅರಿಯಲು ಏಳನೆಯ ಉಂಗುರದ ಅಡಿಭಾಗವನ್ನು ನೋಡಬೇಕು. ಕೊರಳಪಟ್ಟಿಯನ್ನು ಒಂದೆಂದು ಎಣಿಸಿ ಹಿಂದಕ್ಕೆ ಸಾಗಬೇಕು. ಏಳನೆಯ ಉಂಗುರದಲ್ಲಿ ನಡೆಯುವ ಕಾಲುಗಳಿಲ್ಲದೆ ಬರಿದಾದ ಎಡೆ ಕಂಡರೆ ಅದು ಬೆಳೆದ ಗಂಡು. ಅಲ್ಲಿಯ ಕಾಲುಗಳು ಸಂತಾನೋತ್ಪತ್ತಿಯ ಕಾರ್ಯಕ್ಕಾಗಿ ಜನನಪಾದಗಳಾಗಿ ಮಾರ್ಪಟ್ಟು ಒಳಗೆ ಮಡಚಿಕೊಂಡಿರುತ್ತವೆ. ಕಾಲುಗಳ ಸಾಲು ಎಡೆಬಿಡದೆ ಸಾಗಿದ್ದರೆ ಅದು ಹೆಣ್ಣು ಅಥವಾ ಬೆಳೆಯದ ಮರಿ.

5. ಪ್ರಭೇದದ ಅಂತಿಮ ನಿರ್ಣಯವನ್ನು ತಜ್ಞರಿಗೆ ಬಿಡಬೇಕು. ಜನನಪಾದದ ಆಕಾರವು ಪ್ರಭೇದದಿಂದ ಪ್ರಭೇದಕ್ಕೆ ಭಿನ್ನವಾಗಿರುತ್ತದೆ. ಇದನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಪ್ರಭೇದವನ್ನು ಖಚಿತವಾಗಿ ಹೇಳಬಹುದು. ಮೇಲುನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಕಪ್ಪು ಸಹಸ್ರಪದಿಗಳು ಬೇರೆ ಬೇರೆ ಕುಲಗಳಿಗೆ ಸೇರಿರಬಹುದು. ಆದುದರಿಂದ ಒಂದು ಛಾಯಾಚಿತ್ರವನ್ನು ನೋಡಿ ಇದು ಆಫ್ರಿಕಾದ ಪ್ರಭೇದ ಎಂದು ಯಾರಾದರೂ ಹೇಳಿದರೆ ಅದನ್ನು ನಿರ್ಣಯವೆಂದು ಸ್ವೀಕರಿಸಬಾರದು.

ಜೀವನಕ್ರಮ

ಹೆಣ್ಣು ಸಹಸ್ರಪದಿಯು ತೇವಭರಿತ ಮಣ್ಣಿನೊಳಗೆ ಮೊಟ್ಟೆಗಳನ್ನಿಡುತ್ತದೆ. ಸಹಸ್ರಪದಿಗಳ ಮರಿಗಳು ಮೊಟ್ಟೆಯೊಡೆದಾಗ ಕೆಲವೇ ಉಂಗುರಗಳನ್ನೂ ಸಾಮಾನ್ಯವಾಗಿ ಮೂರು ಜೊತೆ ಕಾಲುಗಳನ್ನೂ ಮಾತ್ರ ಹೊಂದಿರುತ್ತವೆ. ಪ್ರತಿ ಬಾರಿ ಪೊರೆ ಕಳಚಿದಾಗ ಹೊಸ ಉಂಗುರಗಳು ಮತ್ತು ಕಾಲುಗಳು ಸೇರ್ಪಡೆಯಾಗುತ್ತವೆ. ಈ ಕಾರಣದಿಂದ ಒಂದೇ ಪ್ರಭೇದದಲ್ಲಿಯೂ ಕಾಲುಗಳ ಸಂಖ್ಯೆ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ.

ಪೊರೆ ಕಳಚುವಾಗ ಜೀವಿಯು ಮಣ್ಣಿನೊಳಗೆ ಗೂಡಿನಂತಹ ಪೊಳ್ಳು ಮಾಡಿಕೊಂಡು ಅಡಗಿರುತ್ತದೆ. ಆ ಸಮಯದಲ್ಲಿ ಮೈ ಮೃದುವಾಗಿದ್ದು ಅತ್ಯಂತ ಅಸಹಾಯಕ ಸ್ಥಿತಿಯಲ್ಲಿರುತ್ತದೆ. ಕಳಚಿದ ಪೊರೆಯನ್ನು ತಾನೇ ತಿಂದು ಅದರಲ್ಲಿನ ಸುಣ್ಣದ ಅಂಶವನ್ನು ಮರಳಿ ಪಡೆಯುತ್ತದೆ. ದೈತ್ಯ ಸಹಸ್ರಪದಿಯ ಆಯುಷ್ಯ ಸುಮಾರು 5ರಿಂದ 10 ವರ್ಷ. ಹಲವು ವರ್ಷ ಬದುಕುವ, ನಿಧಾನವಾಗಿ ಬೆಳೆಯುವ ಇಂತಹ ಜೀವಿಯ ಸಂತತಿ ಒಮ್ಮೆ ನಾಶವಾದರೆ ಮತ್ತೆ ಚೇತರಿಸಿಕೊಳ್ಳಲು ದೀರ್ಘಕಾಲ ಬೇಕಾಗುತ್ತದೆ.

ಇದರ ಮೈಮೇಲೆ ಮತ್ತು ಕಾಲುಗಳ ನಡುವೆ ಚಿಕ್ಕ ನುಸಿಗಳು ಓಡಾಡುವುದನ್ನು ಅನೇಕ ಬಾರಿ ಕಾಣಬಹುದು. ಇವು ಸಹಸ್ರಪದಿಯ ಮೈಮೇಲಿನ ಕೊಳೆಯನ್ನು ತಿಂದು ಶುಚಿಗೊಳಿಸುವ, ಪ್ರತಿಯಾಗಿ ಆಶ್ರಯ ಪಡೆಯುವ ಸಹಜೀವಿಗಳೆಂದು ತಿಳಿಯಲಾಗಿದೆ. ಇವುಗಳನ್ನು ಬೆಳೆಗೆ ತಗಲುವ ನುಸಿಗಳೆಂದು ತಪ್ಪಾಗಿ ತಿಳಿಯಬಾರದು.

ಆತ್ಮರಕ್ಷಣೆ ಮತ್ತು ಮಾನವನ ಸುರಕ್ಷತೆ

ದೈತ್ಯ ಸಹಸ್ರಪದಿಗೆ ಎರಡು ಬಗೆಯ ರಕ್ಷಣೆಯಿದೆ. ಮೊದಲನೆಯದು ತಲೆಯನ್ನು ಮಧ್ಯದಲ್ಲಿಟ್ಟು ಬಿಗಿಯಾಗಿ ಸುರುಳಿ ಸುತ್ತಿಕೊಳ್ಳುವುದು. ಎರಡನೆಯದು ಪಕ್ಕದ ರಂಧ್ರಗಳಿಂದ ಕಟು ದ್ರವವನ್ನು ಸ್ರವಿಸುವುದು. ಕೊಳವೆಯಾಕಾರದ ಸಹಸ್ರಪದಿಗಳ ಸ್ರಾವದಲ್ಲಿ ಬೆಂಜೋಕ್ವಿನೋನ್ ಗುಂಪಿನ ರಾಸಾಯನಿಕಗಳಿರುತ್ತವೆ. ಚಪ್ಪಟೆಬೆನ್ನಿನ ಗುಂಪಿನ ಸ್ರಾವದಲ್ಲಿ ಹೈಡ್ರೋಜನ್ ಸಯನೈಡ್ ಸಹ ಅಲ್ಪ ಪ್ರಮಾಣದಲ್ಲಿರುತ್ತದೆ. ಇಷ್ಟಾದರೂ ಆಫ್ರಿಕಾದ ಪುನುಗು ಬೆಕ್ಕು ಇವುಗಳನ್ನು ತಿನ್ನುತ್ತದೆ. ಸಹಸ್ರಪದಿಗಳನ್ನೇ ಬೇಟೆಯಾಡುವ ತಿಗಣೆ ಜಾತಿಯ ಕೀಟಗಳೂ ಅಲ್ಲಿವೆ.

ಮಾನವರಿಗೆ ಈ ಸ್ರಾವದಿಂದ ಪ್ರಾಣಾಪಾಯವಿಲ್ಲ. ಚರ್ಮಕ್ಕೆ ತಗಲಿದರೆ ಕಂದು ಕಲೆ ಮತ್ತು ಉರಿ ಉಂಟಾಗಬಹುದು. ಕಲೆಯು ಹಲವು ದಿನಗಳವರೆಗೆ ಉಳಿಯಬಹುದು. ಕಣ್ಣಿಗೆ ತಗಲಿದರೆ ಮಾತ್ರ ಗಂಭೀರವಾಗಿ ಪರಿಗಣಿಸಬೇಕು. ಈ ಕೆಳಗಿನ ಎಚ್ಚರಿಕೆಗಳನ್ನು ಪಾಲಿಸಬೇಕು:

• ಬರಿಗೈಯಿಂದ ಮುಟ್ಟದೆ ಕೈಗವಸು, ಎಲೆ ಅಥವಾ ಪೊರಕೆಯನ್ನು ಬಳಸಬೇಕು.
• ಮುಟ್ಟಿದ ಕೈಯಿಂದ ಕಣ್ಣು, ಬಾಯಿಗಳನ್ನು ಉಜ್ಜಿಕೊಳ್ಳಬಾರದು. ಸಾಬೂನು ಮತ್ತು ನೀರಿನಿಂದ ತೊಳೆದುಕೊಳ್ಳಬೇಕು.
• ಕಣ್ಣಿಗೆ ಸ್ರಾವ ತಗಲಿದರೆ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು.
• ಚಿಕ್ಕ ಮಕ್ಕಳು ಇವುಗಳನ್ನು ಆಟದ ವಸ್ತುವಾಗಿ ಬಳಸದಂತೆ ನೋಡಿಕೊಳ್ಳಬೇಕು.

ಆಹಾರ ಮತ್ತು ಮಣ್ಣಿನಲ್ಲಿ ಇದರ ಪಾತ್ರ

ದೈತ್ಯ ಸಹಸ್ರಪದಿಯ ಮುಖ್ಯ ಆಹಾರ ಕೊಳೆಯುತ್ತಿರುವ ಎಲೆ, ಮರದ ತೊಗಟೆ ಮತ್ತು ಉದುರಿದ ಹಣ್ಣು. ಎಲೆಯನ್ನು ಚೂರುಚೂರಾಗಿ ಅಗಿದು ತಿಂದು, ಹಿಕ್ಕೆಯ ರೂಪದಲ್ಲಿ ಮಣ್ಣಿಗೆ ಮರಳಿಸುತ್ತದೆ. ಇಡೀ ಎಲೆಗಿಂತ ಈ ಚೂರುಗಳ ಮೇಲೆ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುವುದರಿಂದ ಕೊಳೆಯುವಿಕೆ ತ್ವರಿತಗೊಳ್ಳುತ್ತದೆ. ಎರೆಹುಳು ಮಣ್ಣಿನೊಳಗೆ ಮಾಡುವ ಕೆಲಸಕ್ಕೆ ಪೂರಕವಾದುದನ್ನು ಸಹಸ್ರಪದಿಯು ತರಗೆಲೆಯ ಪದರದಲ್ಲಿ ಮಾಡುತ್ತದೆ. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿರುವ ಮತ್ತೊಂದು ದೈತ್ಯ ಸಹಸ್ರಪದಿಯು ಅಲ್ಲಿನ ಕಾಡಿನ ತರಗೆಲೆಯನ್ನು ಕೊಳೆಸುವಲ್ಲಿ ಪ್ರಮುಖ ಪಾತ್ರ ವಹಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಈ ವಿಷಯದಲ್ಲಿ ನಮ್ಮ ನಾಡಿಗೂ ಆಫ್ರಿಕಾಕ್ಕೂ ನೇರ ಸಂಬಂಧವೊಂದಿದೆ. ದಕ್ಷಿಣ ಆಫ್ರಿಕಾದ ಗೋಲಿ ಸಹಸ್ರಪದಿಗಳೂ ಪಶ್ಚಿಮ ಘಟ್ಟದ ಗೋಲಿ ಸಹಸ್ರಪದಿಗಳೂ ಒಂದೇ ಗಣಕ್ಕೆ ಸೇರಿವೆ. ನಮ್ಮ ಘಟ್ಟದ ಆರ್ಥ್ರೋಸ್ಫೇರಾ ಕುಲದ ಗೋಲಿ ಸಹಸ್ರಪದಿಗಳನ್ನು ಬಳಸಿ ತೋಟದ ತ್ಯಾಜ್ಯವನ್ನು ಗೊಬ್ಬರವಾಗಿಸುವ ಕುರಿತು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ನಡೆಸಿದ್ದಾರೆ. ಅಡಿಕೆ ಮತ್ತು ಕಾಫಿ ತೋಟಗಳ ತರಗೆಲೆಯಲ್ಲಿ ಕಾಣುವ ಸಹಸ್ರಪದಿಯು ರೈತನಿಗೆ ಕೂಲಿ ಬೇಡದೆ ದುಡಿಯುವ ಜೀವಿ ಎಂಬುದನ್ನು ಮರೆಯಬಾರದು.

ಪೀಡೆಯಾಗುವ ಸಹಸ್ರಪದಿಗಳು: ಉಗಾಂಡ ಮತ್ತು ಸೆನೆಗಲ್‌ನ ಅನುಭವ

ಹಾಗೆಂದು ಎಲ್ಲ ಸಹಸ್ರಪದಿಗಳೂ ಎಲ್ಲ ಸಂದರ್ಭಗಳಲ್ಲಿಯೂ ನಿರಪಾಯಕಾರಿ ಎಂದು ಹೇಳಲಾಗದು. ಈಶಾನ್ಯ ಉಗಾಂಡದಲ್ಲಿ ಸಿಹಿಗೆಣಸು, ಶೇಂಗಾ ಮತ್ತು ಮೆಕ್ಕೆಜೋಳದ ಹೊಲಗಳಲ್ಲಿ ನಡೆಸಿ 2005ರ ಸುಮಾರಿಗೆ ಪ್ರಕಟಿಸಲಾದ ಅಧ್ಯಯನಗಳಲ್ಲಿ ಓಮೋಪೈಜ್ ಸುಡಾನಿಕಾ ಎಂಬ ಪ್ರಭೇದವು ಬೆಳೆಗಳಿಗೆ ಹಾನಿ ಮಾಡುವುದು ಕಂಡುಬಂದಿದೆ. ಇದು ದೈತ್ಯ ಸಹಸ್ರಪದಿಯ ಗಣಕ್ಕೇ ಸೇರಿದ, ಆದರೆ ಗಾತ್ರದಲ್ಲಿ ಬಹಳ ಚಿಕ್ಕದಾದ ಜೀವಿ. ನಾಟಿ ಮಾಡಿದ ಗೆಣಸಿನ ಬಳ್ಳಿಯ ತುಂಡು, ಮೊಳಕೆಯೊಡೆಯುತ್ತಿರುವ ಬೀಜ, ಬಲಿಯದ ಶೇಂಗಾ ಕಾಯಿ ಮತ್ತು ಮಣ್ಣಿನಲ್ಲಿ ಬಹುಕಾಲ ಬಿಟ್ಟ ಗೆಡ್ಡೆ ಇವು ಅದಕ್ಕೆ ತುತ್ತಾಗುತ್ತವೆ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಪೆರಿಡಾಂಟೋಪೈಜ್ ಕುಲದ ಸಹಸ್ರಪದಿಗಳು ಶೇಂಗಾ ಕಾಯಿಗಳನ್ನು ಕೊರೆಯುತ್ತವೆ. ಹೀಗೆ ತೂತಾದ ಕಾಯಿಗಳು ಶಿಲೀಂಧ್ರ ಸೋಂಕಿಗೆ ಸುಲಭವಾಗಿ ತುತ್ತಾಗುವುದರಿಂದ ಹಾನಿ ಇಮ್ಮಡಿಸುತ್ತದೆ.

ಈ ಅನುಭವದಿಂದ ಮೂರು ಪಾಠಗಳನ್ನು ಕಲಿಯಬಹುದು. ಮೊದಲನೆಯದಾಗಿ, ಹಾನಿಯು ಗಾತ್ರವನ್ನು ಅವಲಂಬಿಸಿಲ್ಲ. ಎರಡನೆಯದಾಗಿ, ಹಾನಿಗೆ ಒಳಗಾಗುವುದು ಮಣ್ಣಿನ ಸಂಪರ್ಕದಲ್ಲಿರುವ ಮೃದು ಭಾಗಗಳು. ಸಹಸ್ರಪದಿಗಳು ಬಲಿತ ಕಾಂಡವನ್ನಾಗಲಿ, ಎತ್ತರದ ಎಲೆಗಳನ್ನಾಗಲಿ ಗುರಿಯಾಗಿಸುವುದು ಅಪರೂಪ. ಮೂರನೆಯದಾಗಿ, ಒಂದೇ ಹೊಲದಲ್ಲಿ ಮತ್ತೆ ಮತ್ತೆ ಗೆಡ್ಡೆ ಬೆಳೆ ಅಥವಾ ಶೇಂಗಾ ಬೆಳೆಯುವುದು, ಬೆಳೆಯ ಉಳಿಕೆಗಳನ್ನು ಹೊಲದಲ್ಲಿಯೇ ಬಿಡುವುದು ಮತ್ತು ಕೊಯ್ಲನ್ನು ವಿಳಂಬಿಸುವುದು ಪೀಡೆಗೆ ಅನುಕೂಲ ಕಲ್ಪಿಸುತ್ತವೆ.

ನಮ್ಮ ಹೊಲ–ತೋಟಗಳಲ್ಲಿ ಕಂಡಾಗ ಏನು ಮಾಡಬೇಕು?

ಕರ್ನಾಟಕದಲ್ಲಿ ಕಾಣುವ ದೊಡ್ಡ ಕಪ್ಪು ಸಹಸ್ರಪದಿಗಳಲ್ಲಿ ದೈತ್ಯ ಸಹಸ್ರಪದಿಯ ಗಣಕ್ಕೇ ಸೇರಿದ ದೇಶೀಯ ಪ್ರಭೇದಗಳೂ ಇವೆ. ಅವುಗಳ ಹೊರರೂಪ ಆಫ್ರಿಕಾದ ಪ್ರಭೇದವನ್ನು ಹೋಲುವುದು ಈ ಬಂಧುತ್ವದಿಂದಲೇ ಹೊರತು ವಲಸೆಯಿಂದಲ್ಲ. ದಕ್ಷಿಣ ಭಾರತದ ಹುಲ್ಲುಮಾಡಿನ ಮನೆಗಳಲ್ಲಿ ಕಾಣುವ, ಕಪ್ಪು ಮೈಮೇಲೆ ಕೆಂಪು ಪಟ್ಟೆಗಳುಳ್ಳ ಸಹಸ್ರಪದಿಯೂ ಇಲ್ಲಿಯದೇ.

ಸಹಸ್ರಪದಿಗಳು ಹೆಚ್ಚಾಗಿ ಕಂಡಾಗ ಮೊದಲು ಹಾನಿಯಾಗಿದೆಯೇ ಎಂದು ಪರಿಶೀಲಿಸಬೇಕು. ಸಸಿಯ ಬುಡ, ಮೊಳಕೆ ಅಥವಾ ಗೆಡ್ಡೆಯಲ್ಲಿ ಗಾಯ ಕಂಡರೆ, ಅದು ಸಹಸ್ರಪದಿಯಿಂದಲೇ ಆದುದೋ, ಗೊಣ್ಣೆಹುಳು, ಕತ್ತರಿಹುಳು ಅಥವಾ ಬಸವನ ಹುಳುವಿನಿಂದಾದುದೋ ಎಂಬುದನ್ನು ರಾತ್ರಿ ವೇಳೆ ದೀಪದ ಬೆಳಕಿನಲ್ಲಿ ನೋಡಿ ದೃಢಪಡಿಸಿಕೊಳ್ಳಬೇಕು. ಈಗಾಗಲೇ ಕೊಳೆತ ಗೆಡ್ಡೆಯೊಳಗೆ ಸಹಸ್ರಪದಿ ಕಂಡರೆ ಅದು ಕೊಳೆತದ್ದನ್ನು ತಿನ್ನಲು ಬಂದಿರುವ ಸಾಧ್ಯತೆ ಹೆಚ್ಚು. ಕೊಳೆಗೆ ಮೂಲ ಕಾರಣ ರೋಗವಾಗಿರಬಹುದು. ಅಂತಹ ಸಂದರ್ಭದಲ್ಲಿ ಸಹಸ್ರಪದಿಯನ್ನು ಕೊಂದರೆ ಬೆಳೆಯ ರೋಗ ನಿವಾರಣೆಯಾಗದು, ರೋಗಕ್ಕೆ ಚಿಕಿತ್ಸೆ ನೀಡುವ ಸಮಯವೂ ಕೈತಪ್ಪುತ್ತದೆ.

ಹಾನಿ ದೃಢಪಟ್ಟಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು:

• ಸಸಿಮಡಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನು ಮಾತ್ರ ಬಳಸಬೇಕು. ಅರೆಕಳಿತ ಗೊಬ್ಬರ ಮತ್ತು ದಪ್ಪ ಹೊದಿಕೆಯನ್ನು ಎಳೆ ಸಸಿಗಳ ಬುಡದಿಂದ ಸ್ವಲ್ಪ ದೂರದಲ್ಲಿರಿಸಬೇಕು.
• ಸಂಜೆಯ ಬದಲು ಬೆಳಗಿನ ಹೊತ್ತು ನೀರುಣಿಸಿದರೆ ರಾತ್ರಿಯ ವೇಳೆಗೆ ಮೇಲ್ಮಣ್ಣು ಒಣಗಿರುತ್ತದೆ.
• ಒದ್ದೆ ಗೋಣಿಚೀಲ ಅಥವಾ ಆಲೂಗಡ್ಡೆಯ ಹೋಳುಗಳನ್ನು ಸಂಜೆ ಅಲ್ಲಲ್ಲಿ ಇರಿಸಿ, ಬೆಳಿಗ್ಗೆ ಅವುಗಳ ಅಡಿಯಲ್ಲಿ ಸೇರಿದ ಸಹಸ್ರಪದಿಗಳನ್ನು ಸಂಗ್ರಹಿಸಿ ದೂರದ ತರಗೆಲೆ ರಾಶಿಗೆ ಬಿಡಬೇಕು.
• ಗೆಡ್ಡೆ ಬೆಳೆ ಮತ್ತು ಶೇಂಗಾವನ್ನು ಬಲಿತ ತಕ್ಷಣ ಕೊಯ್ಲು ಮಾಡಬೇಕು. ಬೆಳೆ ಪರಿವರ್ತನೆಯನ್ನು ಪಾಲಿಸಬೇಕು.
• ಮನೆಯೊಳಗೆ ಬರುವುದನ್ನು ತಡೆಯಲು ಗೋಡೆಗೆ ತಾಗಿದ ಸೌದೆ ಮತ್ತು ಎಲೆಗಳ ರಾಶಿಯನ್ನು ತೆರವುಗೊಳಿಸಿ, ಬಾಗಿಲಿನ ಅಡಿಯ ಸಂದುಗಳನ್ನು ಮುಚ್ಚಬೇಕು. ಒಳಬಂದವನ್ನು ಗುಡಿಸಿ ಹೊರಹಾಕಿದರೆ ಸಾಕು.

ಮಳೆಗಾಲದಲ್ಲಿ ಒಟ್ಟಾಗಿ ಕಂಡವೆಂಬ ಕಾರಣಕ್ಕೆ ಇಡೀ ತೋಟಕ್ಕೆ ಕೀಟನಾಶಕ ಸಿಂಪಡಿಸುವುದು ಸಲ್ಲದು. ಅದರಿಂದ ಎರೆಹುಳು, ನೆಲದ ಬೇಟೆಗಾರ ಜೀರುಂಡೆ ಮತ್ತು ಇತರ ಉಪಯುಕ್ತ ಜೀವಿಗಳೂ ನಾಶವಾಗುತ್ತವೆ. ಮಣ್ಣು ಒಣಗುತ್ತ ಬಂದಂತೆ ಸಹಸ್ರಪದಿಗಳು ತಾವಾಗಿಯೇ ಮರೆಯಾಗುತ್ತವೆ.

ಹೊರದೇಶದ ಪ್ರಭೇದಗಳ ಕುರಿತು ಎಚ್ಚರಿಕೆ

ದೈತ್ಯ ಸಹಸ್ರಪದಿಯನ್ನು ಹಲವು ದೇಶಗಳಲ್ಲಿ ಮೃಗಾಲಯಗಳಲ್ಲಿಯೂ ಮನೆಗಳಲ್ಲಿಯೂ ಸಾಕುತ್ತಾರೆ. ತನ್ನ ನೆಲದಲ್ಲಿ ಉಪಕಾರಿಯಾದ ಜೀವಿಯು ಬೇರೊಂದು ನೆಲದಲ್ಲಿಯೂ ಉಪಕಾರಿಯಾಗಿಯೇ ಇರುವುದೆಂಬ ಭರವಸೆಯಿಲ್ಲ. ಪೋರ್ಚುಗಲ್ ಮೂಲದ ಚಿಕ್ಕ ಕಪ್ಪು ಸಹಸ್ರಪದಿಯೊಂದು 1953ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್‌ನಲ್ಲಿ ಕಂಡುಬಂದು, ಮುಂದೆ ವ್ಯಾಪಕವಾಗಿ ಹರಡಿ ಮನೆಗಳಿಗೆ ನುಗ್ಗುವ ಉಪದ್ರವವಾಯಿತು. ಸಹಸ್ರಪದಿಗಳು ಮತ್ತು ಅವುಗಳ ಮೊಟ್ಟೆಗಳು ಮಣ್ಣು ಹಾಗೂ ಕುಂಡದ ಗಿಡಗಳ ಜೊತೆ ಸುಲಭವಾಗಿ ಸಾಗುತ್ತವೆ. ಭಾರತದಲ್ಲಿ ಸಸ್ಯ, ಮಣ್ಣು ಮತ್ತು ಕೀಟಗಳ ಆಮದನ್ನು 2003ರ ಸಸ್ಯ ಕ್ವಾರಂಟೈನ್ ಆದೇಶವು ನಿಯಂತ್ರಿಸುತ್ತದೆ. ಆದುದರಿಂದ ಹೊರದೇಶದ ಮಣ್ಣಿರುವ ಗಿಡಗಳನ್ನಾಗಲಿ, ಜೀವಂತ ಸಹಸ್ರಪದಿಗಳನ್ನಾಗಲಿ ಅನುಮತಿಯಿಲ್ಲದೆ ತರುವುದು, ಸಾಕಿದುದನ್ನು ಬಯಲಿಗೆ ಬಿಡುವುದು ಎಂದಿಗೂ ಕೂಡದು.

ಮಾದರಿ ಸಂಗ್ರಹಣೆ

ಗುರುತಿನ ಬಗ್ಗೆ ಸಂದೇಹವಿದ್ದಲ್ಲಿ ವಿಸ್ತರಣಾ ಕಾರ್ಯಕರ್ತರು ಅಳತೆಪಟ್ಟಿಯನ್ನು ಪಕ್ಕದಲ್ಲಿರಿಸಿ ನಾಲ್ಕು ಛಾಯಾಚಿತ್ರಗಳನ್ನು ತೆಗೆಯಬೇಕು: ಎದುರಿನಿಂದ ಮುಖ, ಪಕ್ಕದಿಂದ ಇಡೀ ದೇಹ, ಏಳನೆಯ ಉಂಗುರದ ಅಡಿಭಾಗ ಮತ್ತು ಕೊನೆಯ ಉಂಗುರ. ಸಾಧ್ಯವಾದರೆ ಒಂದು ಬೆಳೆದ ಗಂಡನ್ನು ಶೇಕಡ 70ರಿಂದ 80ರ ಮದ್ಯಸಾರದಲ್ಲಿ ಸಂರಕ್ಷಿಸಬೇಕು. ದಿನಾಂಕ, ಗ್ರಾಮ, ತಾಲ್ಲೂಕು, ಬೆಳೆ, ಮಣ್ಣಿನ ಸ್ಥಿತಿ ಮತ್ತು ಕಂಡ ಹಾನಿಯ ವಿವರವನ್ನು ಪೆನ್ಸಿಲಿನಿಂದ ಬರೆದ ಚೀಟಿಯನ್ನು ಅದೇ ಸೀಸೆಯೊಳಗೆ ಹಾಕಬೇಕು. ಶಾಯಿಯ ಬರಹ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ವಿವರವಿಲ್ಲದ ಮಾದರಿಯಿಂದ ತಜ್ಞರಿಗೆ ದೊರೆಯುವ ಪ್ರಯೋಜನ ಅತ್ಯಲ್ಪ.

ನೆನಪಿಡಬೇಕಾದ ಅಂಶಗಳು

• ಒಂದು ಉಂಗುರಕ್ಕೆ ಎರಡು ಜೊತೆ ಕಾಲಿದ್ದರೆ ಸಹಸ್ರಪದಿ, ಒಂದು ಜೊತೆಯಿದ್ದರೆ ಜರಿ.
• ಆಫ್ರಿಕಾದ ದೈತ್ಯ ಸಹಸ್ರಪದಿಯ ನೆಲೆ ಪೂರ್ವ ಆಫ್ರಿಕಾ ಮತ್ತು ದಕ್ಷಿಣ ಅರೇಬಿಯಾ. ಅದು ಕಚ್ಚುವುದಿಲ್ಲ, ಮುಖ್ಯವಾಗಿ ಕೊಳೆತ ಪದಾರ್ಥವನ್ನು ತಿನ್ನುತ್ತದೆ.
• ಬಣ್ಣ ಮತ್ತು ಗಾತ್ರದಿಂದ ಪ್ರಭೇದವನ್ನು ನಿರ್ಣಯಿಸಲಾಗದು. ಗಂಡಿನ ಜನನಪಾದವೇ ನಿರ್ಣಾಯಕ.
• ಹಾನಿಯನ್ನು ಕಣ್ಣಾರೆ ಕಂಡು ದೃಢಪಡಿಸಿಕೊಂಡ ನಂತರವೇ ನಿರ್ವಹಣಾ ಕ್ರಮ ಕೈಗೊಳ್ಳಬೇಕು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರ ತಜ್ಞರನ್ನು ಸಂಪರ್ಕಿಸುವುದು.